ತೋರಣಕ್ಕೆ ಹೋದ ಕೇಬಲ್ಲು

ದಸರೆಯ ದಿನ ಪುಣೆಯ ವಾಕಡ ಬಡಾವಣೆಯಲ್ಲಿ, ಧಾರವಾಡದ ಗೆಳತಿ ಸುಮಾಳ ಮನೆಯಲ್ಲಿ ಕೂತು ಅವಳ ಕಂಪ್ಯೂಟರಿನಿಂದ ನನ್ನ ಲ್ಯಾಪ್‌ಟಾಪಿಗೆ ಒಂದು ದೊಡ್ಡ ವಿಡಿಯೊ ಇಳಿಸಿಕೊಳ್ಳುತ್ತಿದ್ದೆ. ಅದಿಲ್ಲದೆ ಸಂಜೆಯ ವಿಮಾನ ಹತ್ತಿದರೆ ಕೆಲಸ ಕೆಟ್ಟಂತೆ. ವೈಫೈ ನೋಡಿದರೆ, ನಾಳೆ ಬೆಳಗಾದೀತು ಅನ್ನುತ್ತಿತ್ತು.

“ನಿಮ್ಮಲ್ಲಿ ಉದ್ದ ನೆಟ್‌ವರ್ಕ್ ಕೇಬಲ್ ಇತ್ತಲ್ಲೇ?” ಎಂದೆ ಸುಮಾಳಿಗೆ.

ಸುಮಾಳ ಅತ್ತೆ ತಲೆಬಾಗಿಲತ್ತ ಬೊಟ್ಟು ಮಾಡಿದರು. “ದಾರ ಸಿಗಲಿಲ್ಲ ಯವ್ವಾ. ಇದು ಭಾಳ ಗಟ್ಟಿ ಅದ.”

ಕೇಬಲ್ಲು ಮಾವಿನೆಲೆ, ಚೆಂಡುಹೂ ಹೊತ್ತು ಬಾಗಿಲ ಮೇಲೆ ತೂಗುತ್ತಿತ್ತು.

“ಬಿಚ್ಚಲೇನ್ರಿ ಅತ್ತಿ?” ಸುಮಾ ಕೇಳಿದಳು.

“ಹಬ್ಬದ ದಿನ ತೋರಣ ಬಿಚ್ತಾರೇನು? ಕಂಪ್ಯೂಟರನ್ನ ಇಲ್ಲೇ ತರ್ರಿ!”

ತಂದೆವು. ಇಳಿಬಿದ್ದ ಒಂದು ತುದಿಯನ್ನು ಒಳಗಿನ ಕಂಪ್ಯೂಟರಿಗೂ ಇನ್ನೊಂದನ್ನು ನನ್ನ ಲ್ಯಾಪ್‌ಟಾಪಿಗೂ ಚುಚ್ಚಿದೆ. ಹೊಸ್ತಿಲ ಮೇಲೆ ಕೂಡಬಾರದೆಂದು ಅತ್ತೆ ನನ್ನನ್ನು ಹೊರಗೆ ಕೂರಿಸಿದರು. ವಿಡಿಯೊ ಸರಸರ ಇಳಿಯಿತು. ಅಷ್ಟರಲ್ಲಿ ಬನ್ನಿ ಕೊಡಲು ಬಂದ ಪಕ್ಕದ ಮನೆಯ ಹುಡುಗಿಯರು, ಬಾಗಿಲಲ್ಲಿ ಕೂತ ಹಿರಿಯಳೆಂದು ನನ್ನ ಕಾಲಿಗೇ ನಮಸ್ಕರಿಸಿದರು. ನಾನು ಬೇಡವೆನ್ನಲಿಲ್ಲ, ವಿಮಾನ ನಿಲ್ದಾಣದಲ್ಲಿ ಹೀಗೆ ನೆಲಕ್ಕೆ ಕೂತರೆ ಎಬ್ಬಿಸುತ್ತಾರೆ, ಇಲ್ಲಾದರೆ ಕಾಲಿಗೆ ಬೀಳುತ್ತಾರೆ.