ರೇಡಿಯೇಟರ್‌ಗೆ ಸುರಿದ ರಾಗಿಹಿಟ್ಟು

ನಮ್ಮ ಭಾವನ ಗಾಡಿ ದಾರಿಯುದ್ದಕ್ಕೂ ಕುದಿಯುತ್ತಿದ್ದುದಕ್ಕೆ ಕಾರಣ ಅದನ್ನು ರಿಪೇರಿ ಮಾಡುತ್ತಿದ್ದ ಮೇಸ್ತ್ರಿಯಲ್ಲ, ನಾನು. ಇಷ್ಟು ಬರೆಯಲು ಮುದುಕನಾಗುವವರೆಗೂ ನನಗೆ ಧೈರ್ಯ ಬರಲಿಲ್ಲ. ಈಗ ಬಂದಿರುವುದೂ ಧೈರ್ಯವಲ್ಲ, ಕೇಳುವವರು ಯಾರೂ ಉಳಿದಿಲ್ಲ ಅಷ್ಟೆ.

ಎರಡನೇ ಮಹಾಯುದ್ಧ ಮುಗಿದ ಹೊಸತು. ಹೊಸಕೋಟೆಯಲ್ಲಿ ಅಕ್ಕನ ಮನೆಯಲ್ಲಿದ್ದುಕೊಂಡು ಭಾವನ ಗಾಡಿ ಓಡಿಸುತ್ತಿದ್ದೆ. ಮುಂದೆ ಇಬ್ಬರು ಕೂರುವಷ್ಟು ಜಾಗ, ಹಿಂದೆ ಸಾಮಾನು ಹೇರಲು ಮರದ ಹಲಗೆ ಹೊಡೆದಿದ್ದ ಹಳೆಯ ಸಣ್ಣ ಲಾರಿ. ಸುತ್ತಲ ಹಳ್ಳಿಗಳ ತರಕಾರಿಯನ್ನೂ ಕಾಲಕ್ಕೆ ನಲ್ಲೂರಿನ ಕಡೆಯ ಹುಣಸೆಹಣ್ಣನ್ನೂ ಬೆಂಗಳೂರಿನ ಮಾರ್ಕೆಟ್ಟಿಗೆ ಸಾಗಿಸುತ್ತಿದ್ದೆ. ಒಂದು ದಿನ ಸಂತೆಯಲ್ಲಿ ನಿಂತಿದ್ದ ಎತ್ತಿನಗಾಡಿಯ ಮುಂದೆ ಚಾಚಿದ್ದ ಮೂಕಿಮರಕ್ಕೆ ಗುದ್ದಿಬಿಟ್ಟೆ. ರೇಡಿಯೇಟರ್ ತೂತಾಗಿ ನೀರು ಸೋರತೊಡಗಿತು. ಭಾವನಿಗೆ ಗೊತ್ತಾದರೆ ಮತ್ತೆ ಸ್ಟಿಯರಿಂಗ್ ಮುಟ್ಟಲು ಬಿಡುವುದಿಲ್ಲವೆಂದು ಹೆದರಿ, ನಮ್ಮ ಕಡೆಯ ಡ್ರೈವರುಗಳು ಮಾಡುತ್ತಿದ್ದುದನ್ನೇ ಮಾಡಿದೆ, ಒಳಕ್ಕೆ ರಾಗಿಹಿಟ್ಟು ಹಾಕಿದೆ. ನೀರು ಕಾದಾಗ ಹಿಟ್ಟು ಬೆಂದು ತೂತಿಗೆ ಅಂಟಿಕೊಳ್ಳುತ್ತದೆ. ಅವರು ಹಾಕುತ್ತಿದ್ದುದು ಅರ್ಧ ಹಿಡಿ. ನಾನು ಸೋರುವುದು ನಿಲ್ಲುವವರೆಗೂ ಬೊಗಸೆ ಬೊಗಸೆ ಸುರಿದೆ. ನಿಂತಿತು. ಭಲೇ ಜಾಣ ಎಂದುಕೊಂಡೆ.

ಹಳೆಯ ಎಂಜಿನ್ನಿಗೆ ಆಗಲೇ ವಯಸ್ಸಾಗಿತ್ತು. ಸ್ವಲ್ಪ ದಿನಕ್ಕೆ ಅದು ಪೂರ್ತಿ ಕೈಕೊಟ್ಟಾಗ, ಮಿಲಿಟರಿಯವರು ಹರಾಜು ಹಾಕಿದ ಎಂಜಿನ್ನುಗಳಲ್ಲಿ ಒಂದನ್ನು ಮೇಸ್ತ್ರಿ ತಾನೇ ಆರಿಸಿ ತಂದು ಕೂರಿಸಿದ. ಯುದ್ಧದ ಕಾಲದಲ್ಲಿ ಮಿಲಿಟರಿ ವರ್ಕ್‌ಶಾಪಿನಲ್ಲಿ ದುಡಿದು ಬಂದವನು ಅವನು. ಊರಲ್ಲಿದ್ದ ನಾಲ್ಕಾರು ಮೋಟಾರುಗಳೂ ಅವನ ಕೈಗೇ ಬರುತ್ತಿದ್ದವು, ಅವನ ಅನ್ನ ಅದರಲ್ಲೇ ಇತ್ತು.

"ಗೌಡ್ರೇ, ಈ ಎಂಜಿನ್‌ಗೆ ನಾನು ಜವಾಬ್ದಾರಿ. ಕೆಟ್ರೆ ಇನ್ಮೇಲೆ ನನ್ ಹತ್ರ ಯಾರೂ ಗಾಡಿ ತರಬ್ಯಾಡಿ," ಎಂದು ಹತ್ತು ಜನರೆದುರು ಭಾವನಿಗೆ ಮಾತು ಕೊಟ್ಟ.

ಮೊದಲ ದಿನವೇ ಕೆರೆ ಏರಿ ದಾಟಿ ಎರಡು ಮೈಲಿ ಹೋಗಿರಲಿಲ್ಲ, ಮುಂದಿನಿಂದ ಹಬೆ ಎದ್ದಿತು. ಹೊಸ ಎಂಜಿನ್ ದೊಡ್ಡದು, ಅದರ ಕಾವೂ ದೊಡ್ಡದು, ರೇಡಿಯೇಟರ್ ಮಾತ್ರ ಹಳೆಯದೇ. ಮೇಸ್ತ್ರಿ ಫ್ಯಾನ್ ಬೆಲ್ಟ್ ಬಿಗಿ ಮಾಡಿದ. ಮಾರನೆಯ ದಿನ ಮತ್ತೆ ಕುದಿಯಿತು. ನೀರಿನ ಪಂಪು ಬಿಚ್ಚಿ ನೋಡಿದ, ಸರಿಯಾಗಿತ್ತು. ಎಂಜಿನ್ ತಲೆ ಇಳಿಸಿ ಗ್ಯಾಸ್ಕೆಟ್ ಬದಲಾಯಿಸಿದ. ಮತ್ತೆ ಕುದಿಯಿತು. ದಾರಿಯಲ್ಲಿ ನಿಂತು ನಿಂತು ಹೋಗುವಷ್ಟರಲ್ಲಿ ಸೊಪ್ಪೆಲ್ಲ ಬಾಡಿ ಮಾರ್ಕೆಟ್ಟಿನವರು ಮೂಸಿಯೂ ನೋಡುತ್ತಿರಲಿಲ್ಲ.

ಒಂದು ಬೆಳಗ್ಗೆ ಮೇಸ್ತ್ರಿ ರೇಡಿಯೇಟರ್ ಮೇಲೆ ಅಂಗೈಯಾಡಿಸುತ್ತ ಬಹಳ ಹೊತ್ತು ಕೂತಿದ್ದ.

"ಮೇಲ್ಗಡೆ ಸುಡ್ತದೆ, ಕೆಳಗಡೆ ತಣ್ಣಗದೆ. ನೀರು ಇಳೀತಾ ಇಲ್ಲ. ಏನಪ್ಪಾ, ಇದರೊಳಗೆ ಏನಾದ್ರೂ ಹಾಕಿದ್ಯಾ?"

ಭಾವ ಪಕ್ಕದಲ್ಲೇ ನಿಂತಿದ್ದ.

"ಇಲ್ಲ ಮೇಸ್ತ್ರಿ, ಬರೀ ನೀರು," ಅಂದೆ.

ಬೆಸುಗೆ ಬಿಡಿಸಿ ಒಳಗೆ ನೋಡೋಣವೆಂದು ಅವನು ಕೇಳಿದ. "ನಿನ್ ಎಂಜಿನ್ ಬರೋ ತನಕ ಚೆನ್ನಾಗೇ ಇತ್ತಲ್ಲಯ್ಯ ಅದು," ಎಂದು ಭಾವ ಅವನ ಬಾಯಿ ಮುಚ್ಚಿಸಿದ. ನಾನು ನೆಲ ನೋಡುತ್ತಿದ್ದೆ. ಆ ಹೊತ್ತಿನಲ್ಲಿ ನನಗೆ ಎಲ್ಲ ಗೊತ್ತಿತ್ತು ಎಂದರೆ ಸುಳ್ಳು, ಗೊತ್ತಿರಲಿಲ್ಲ ಎಂದರೂ ಸುಳ್ಳು.

ಆಮೇಲೆ ಮೇಸ್ತ್ರಿ ಆ ಎಂಜಿನ್ನನ್ನು ಮೂರು ಸಲ ಬಿಚ್ಚಿ ಜೋಡಿಸಿದ. ಗಡ್ಡ ಬೆಳೆಯಿತು, ಊಟ ಬಿಟ್ಟ. "ನನ್ ಕೈಯಲ್ಲೇ ಏನೋ ದೋಷ ಐತೆ ಕಣಪ್ಪಾ," ಎಂದು ಒಂದು ಸಂಜೆ ನನ್ನ ಹತ್ತಿರವೇ ಹೇಳಿಕೊಂಡ. ನನ್ನಂಥ ಪಾಪಿಯ ಹತ್ತಿರ! ಕೊನೆಗೆ ಭಾವ ಅವನನ್ನು ಅಂಗಡಿ ಬೀದಿಯಲ್ಲಿ ನಿಲ್ಲಿಸಿ, ಕೆಟ್ಟ ಎಂಜಿನ್ ತಂದು ಮನೆ ಮುಳುಗಿಸಿದೆ ಎಂದು ಬಾಯಿಗೆ ಬಂದಂತೆ ಬೈದ. ಉಳಿದವರೂ ತಮ್ಮ ಮೋಟಾರುಗಳನ್ನು ಬೆಂಗಳೂರಿಗೆ ಒಯ್ಯತೊಡಗಿದರು.

ಗಾಡಿಯನ್ನು ಹಳೇ ಕಬ್ಬಿಣದವನಿಗೆ ಮಾರಿದೆವು. ನಾನೇ ಹೋಗಿ ಬಿಟ್ಟುಬಂದೆ. ನನ್ನ ಕಣ್ಣೆದುರೇ ಅವನ ಆಳು ರೇಡಿಯೇಟರ್ ಬಿಚ್ಚಿ ಮೊಳೆಯಿಂದ ಕೆರೆದ. ಕೊಳವೆಗಳ ತುಂಬ ಸುಟ್ಟು ಗಟ್ಟಿಯಾದ ಹಿಟ್ಟು.

ಅಲ್ಲಿಂದ ನೇರವಾಗಿ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಸೌದೆ ಮಂಡಿಯಲ್ಲಿ ಕೂಲಿಗೆ ಸೌದೆ ಒಡೆಯುತ್ತಿದ್ದ. ಎಲ್ಲವನ್ನೂ ಹೇಳಿದೆ. ಕೊಡಲಿ ಕೆಳಗಿಟ್ಟ. ಎರಡು ಬಾರಿಸಿದ್ದರೆ ಚೆನ್ನಾಗಿತ್ತು, ಬಾರಿಸಲಿಲ್ಲ.

"ಇದೇ ಮಾತ್ನ ನಿಮ್ ಭಾವನ ಮುಂದೆ ಒಂದ್ಸಲ ಹೇಳ್ತೀಯಾ? ಇನ್ನೇನೂ ಬ್ಯಾಡ ನಂಗೆ."

"ನಾಳೆ ಬಾ ಮೇಸ್ತ್ರಿ, ನಿನ್ ಎದುರಿಗೇ ಹೇಳ್ತೀನಿ."

ಮಾರನೆಯ ದಿನ ಒಗೆದ ಅಂಗಿ ತೊಟ್ಟು ಬಂದ. ಭಾವ ಜಗಲಿಯ ಮೇಲೆ ಕೂತಿದ್ದ, ನಾನು ಪಕ್ಕದಲ್ಲಿ. "ಏನಯ್ಯ, ಇನ್ನೇನ್ ಬಾಕಿ ಐತೆ ಅಂತ ಬಂದೆ?" ಎಂದ ಭಾವ. ಮೇಸ್ತ್ರಿ ನನ್ನನ್ನೇ ನೋಡಿದ. ಅಷ್ಟರಲ್ಲಿ ಅಕ್ಕ ಊಟಕ್ಕೆ ಕರೆದಳು. ನಾನು ಎದ್ದು ಒಳಗೆ ಹೋದೆ.

ತಟ್ಟೆಯ ಮುಂದೆ ಕೂತಾಗ ಹೊರಗಿನಿಂದ ಅವನ ದನಿ ಕೇಳಿಸಿತು. "ಏನಿಲ್ಲ ಗೌಡ್ರೇ, ಹಿಂಗೇ ಬಂದೆ."