ಆ ವರ್ಷದ ಬೇವು

ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಬಹಳ ದಿನ ಮನೆಯ ಹಿಂದಿನ ಗಲ್ಲಿಯಲ್ಲೇ ಓಡಾಡುತ್ತಿದ್ದರು. ಮುಂದಿನ ಬೀದಿಯ ಕಿರಾಣಿ ಅಂಗಡಿಯಲ್ಲಿ ಅವರ ಉದ್ರಿ ಬೆಳೆದಿತ್ತು. ಒಂದು ದಿನ ನೆಟ್ಟಗೆ ಅಲ್ಲಿಗೇ ಹೋಗಿ, ‘ಕದ್ದು ಓಡಾಡಿದ್ದು ಸಾಕು. ನಮ್ಮ ಬಾಕಿ ಗಟ್ಟಿಯಾಗಿ ಓದ್ರಿ, ನಾಲ್ಕು ಜನ ಕೇಳ್ಲಿ’ ಎಂದರು.

ಆಮೇಲೆ ಗಂಡನ ಸಂಬಳ ಬಂದ ಕೂಡಲೇ ಅಕ್ಕಿಗಿಷ್ಟು, ಹಾಲಿಗಿಷ್ಟು, ಬಾಕಿಗಿಷ್ಟು ಎಂದು ಬೇರೆ ಬೇರೆ ಡಬ್ಬಿಗಳಿಗೆ ಹಾಕಿಡುವರು. ಮನೆಯಲ್ಲಿ ಯಾರು ಏನು ಕೇಳಿದರೂ ಒಂದೇ ಮಾತು: ‘ತಡೀರಿ, ಡಬ್ಬಿ ಕೇಳಾಣ.’

ಆ ಯುಗಾದಿಗೆ ನನ್ನ ಅಂಗೈಗೆ ಬರೀ ಬೇವಿನ ಹೂವು ಹಾಕಿದರು.

‘ಬೆಲ್ಲ ಎಲ್ಲಕ್ಕ?’ ಎಂದೆ.

‘ಡಬ್ಬಿ ಖಾಲಿ ಕಣಮ್ಮ. ಅಂಗಡಿಯೋರು ಬರೆಸಿ ತಗಂಡೋಗ್ರಿ ಅಂದ್ರು. ನಾನೇ ಬ್ಯಾಡ ಅಂದೆ.’

ನನಗಂತೂ ಬೇವು ಗಂಟಲಿಗಿಳಿಯಲಿಲ್ಲ. ಅಕ್ಕ ಅದನ್ನೇ ನಿಧಾನವಾಗಿ ಅಗಿಯುತ್ತಾ, ಅಂಗಡಿಯ ಮುಂದಿನಿಂದಲೇ ದೇವಸ್ಥಾನಕ್ಕೆ ಹೊರಟರು.