ಹಬ್ಬದ ದಿನ ಕೂಗಬೇಕಾದ ಹೆಸರು

ದೆವ್ವ, ಮುನ್ಸೂಚನೆ ಅಂತ ಯಾರಾದರೂ ಶುರುಮಾಡಿದರೆ ಎದ್ದು ಕಾಫಿ ಮಾಡಲು ಹೋಗುವವಳು ನಾನು. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವೇ ನೋಡಿ.

ವೈಟುಕೆ ಗಲಾಟೆಯ ವರ್ಷ. ಜಪಾನಿನ ಕೋಬೆಯಲ್ಲಿದ್ದ ನಮ್ಮ ಬೆಂಗಳೂರಿನ ಹುಡುಗರು ಕಂಪ್ಯೂಟರುಗಳ ಇಸವಿ ಸರಿಮಾಡುತ್ತ ಒದ್ದಾಡುತ್ತಿದ್ದರೆ, ನಾನು ಒಸಾಕಾದಲ್ಲಿ ಗ್ರೀಕ್ ಶಾಸನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೆ. "ನಿನ್ನ ಕಲ್ಲುಗಳಿಗೆ ವೈಟುಕೆ ಇಲ್ಲ ಬಿಡು" ಅಂತ ರೇಗಿಸುತ್ತಿದ್ದರು. ನಿಜವಾಗಿ ನನ್ನ ಹತ್ತಿರ ಇದ್ದದ್ದು ಕಲ್ಲಲ್ಲ, ಕಾಗದದ ಅಚ್ಚು. ಒದ್ದೆ ಕಾಗದವನ್ನು ಶಾಸನದ ಮೇಲೆ ಬ್ರಷ್‌ನಿಂದ ಬಡಿದು ಒಣಗಿಸಿದರೆ ಅಕ್ಷರಗಳು ಅದರಲ್ಲಿ ಉಬ್ಬಿ ನಿಲ್ಲುತ್ತವೆ.

ಓದಲು ಕಲಿಸಿದವರು ನಿವೃತ್ತ ಪ್ರೊಫೆಸರ್ ಹಯಾಶಿ ಸೆನ್ಸೇ; ಸೆನ್ಸೇ ಅಂದರೆ ಅಲ್ಲಿ ಮೇಷ್ಟ್ರು. "ಕಣ್ಣು ತನಗೆ ಬೇಕಾದ್ದನ್ನು ಓದುತ್ತೆ. ಕಣ್ಣು ಮುಚ್ಚಿ ಬೆರಳಲ್ಲಿ ಓದಮ್ಮ" ಅನ್ನುತ್ತಿದ್ದರು. ಕಾಣದ್ದನ್ನು ಬರೆಯಬಾರದು ಅನ್ನುವುದು ಅವರ ಇನ್ನೊಂದು ನಿಯಮ.

ಅವರಿಗೆ ಒಂದು ಶಾಸನದ ಮೇಲೆ ಪ್ರಾಣ. ಬರಗಾಲದಲ್ಲಿ ಒಬ್ಬ ಪೂಜಾರಿಣಿ ದೇವಿಯ ಉಗ್ರಾಣ ತೆರೆದು ಊರಿಗೆಲ್ಲ ಧಾನ್ಯ ಹಂಚಿದಳಂತೆ. ಪ್ರತಿವರ್ಷ ಹಬ್ಬದ ದಿನ ಎಲ್ಲರೆದುರು ಅವಳ ಹೆಸರು ಕೂಗಿ ಹೇಳಬೇಕು ಅಂತ ಊರಸಭೆ ತೀರ್ಮಾನಿಸಿ ಕೆತ್ತಿಸಿತು. ಯಾವ ಹಬ್ಬ, ಯಾವ ಬಲಿ, ಕೂಗಬೇಕಾದವರು ಯಾರು, ಎಲ್ಲಾ ಇದೆ. ಅವಳ ಹೆಸರಿದ್ದ ಜಾಗ ಮಾತ್ರ ಮುಕ್ಕಾಗಿದೆ. ಮೂವತ್ತು ವರ್ಷ ಅದನ್ನೇ ಹುಡುಕಿದ ಸೆನ್ಸೇ ಆಗ ಆಸ್ಪತ್ರೆಯಲ್ಲಿ ದಿನ ಎಣಿಸುತ್ತಿದ್ದರು. "ಅವಳ ಹೆಸರು ಗೊತ್ತಾಗದೆ ಹೋಗ್ತೀನಲ್ಲ" ಅಂದಾಗ ನನಗೆ ಅಳು ಬಂತು.

ಮರುದಿನ ಮಧ್ಯಾಹ್ನ ಆ ಅಚ್ಚು ತೆಗೆದು, ಕಣ್ಣು ಮುಚ್ಚಿ ಸವರಿದೆ. ಮುಕ್ಕಾದ ಕಡೆ ಬೆರಳಿಗೆ ಅಕ್ಷರ ಸಿಕ್ಕಿತು, ಒಂದಾದ ಮೇಲೊಂದು. ಫಿಲಿನ್ನಾ. ಮೂರು ಸಲ ಸವರಿದೆ, ಮೂರು ಸಲವೂ ಅದೇ. ದೀಪ ಹಿಡಿದು ಪರೀಕ್ಷಿಸುವಷ್ಟು ತಾಳ್ಮೆ ಎಲ್ಲಿಯದು, ರೈಲು ಹಿಡಿದು ಆಸ್ಪತ್ರೆಗೆ ಓಡಿ ಹೆಸರು ಹೇಳಿದೆ.

"ಬೆರಳಿಗೆ ಸಿಕ್ಕಿತಾ?" ಸೆನ್ಸೇ ಕೇಳಿದ್ದು ಅಷ್ಟೇ.

"ಹೌದು ಸೆನ್ಸೇ."

ಅವರು ಆ ಹೆಸರನ್ನು ಒಮ್ಮೆ ಗಟ್ಟಿಯಾಗಿ ಹೇಳಿದರು. ಪಕ್ಕದ ಮಂಚದವರು ತಿರುಗಿ ನೋಡಿದರು, ನಾನು ಸುಮಿಮಾಸೆನ್, ಕ್ಷಮಿಸಿ ಅಂದೆ. ಎರಡು ದಿನಕ್ಕೆ ಸೆನ್ಸೇ ತೀರಿಕೊಂಡರು.

ಆಮೇಲೆ ಅಚ್ಚಿನ ಮೇಲೆ ದೀಪವನ್ನು ಓರೆಯಾಗಿ ಹಿಡಿದು ನೋಡಿದೆ. ಕಲ್ಲು ಒಡೆದ ಕಡೆ ಅಚ್ಚೂ ಹರಿದಿತ್ತು. ಆ ತೂತಿಗೆ ಅಂಟಿಸಿದ್ದು ಬರೀ ನುಣ್ಣನೆಯ ತೇಪೆ, ಶಾಸನವನ್ನೇ ಮುಟ್ಟದ ಕಾಗದ. ತೇಪೆಯ ಅಂಚಿನಲ್ಲಿ ಸೆನ್ಸೇಯದೇ ಸಹಿ, ಅಂಟಿಸಿದವರು ಅವರೇ. ಅಲ್ಲಿ ಏನೂ ಇಲ್ಲ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಸಾಯುವವರ ಸಮಾಧಾನಕ್ಕೆ ನನ್ನ ಮನಸ್ಸೇ ಹೆಸರು ಕಟ್ಟಿತೇ? ಇರಬಹುದು. ಬೆರಳು ಮಾತ್ರ ಒಪ್ಪುವುದಿಲ್ಲ. ಪ್ರಬಂಧದಲ್ಲಿ ಆ ಜಾಗವನ್ನು ಖಾಲಿ ಬಿಟ್ಟೆ. ಆದರೆ ವರ್ಷಕ್ಕೊಮ್ಮೆ, ದೀಪಾವಳಿಯ ಸಂಜೆ ದೀಪ ಹಚ್ಚಿ, ಮನೆಯವರೆಲ್ಲರ ಎದುರು ಆ ಹೆಸರನ್ನು ಗಟ್ಟಿಯಾಗಿ ಹೇಳುತ್ತೇನೆ. ಯಾರಮ್ಮ ಅವಳು ಅಂತ ಮಗಳು ಕೇಳುತ್ತಾಳೆ. ಊರಿಗೆ ಅನ್ನ ಹಾಕಿದವಳು ಅನ್ನುತ್ತೇನೆ. ಹೆಸರು ಎಲ್ಲಿ ಸಿಕ್ಕಿತು ಅಂದರೆ ಎದ್ದು ಕಾಫಿ ಮಾಡಲು ಹೋಗುತ್ತೇನೆ.